ಬಾವಲಿ ರೆಕ್ಕೆಯ ಪ್ರಶ್ನೆ

12 ಜನವರಿ 2025, ಭಾನುವಾರ
ಶಿರಸಿ

ಬಾವಲಿಯ ರೆಕ್ಕೆ, ಹಕ್ಕಿಯ ರೆಕ್ಕೆ ಹೋಮೋಲಾಗಸ್ಸೋ, ಅನಾಲಾಗಸ್ಸೋ? ಹೋಮೋಲಾಗಸ್ ಅಂದರೆ ಒಂದೇ ಪೂರ್ವಜನಿಂದ ಬಂದ ಅಂಗ, ಅನಾಲಾಗಸ್ ಅಂದರೆ ಕೆಲಸ ಒಂದೇ ಆದರೂ ಬೇರೆ ಬೇರೆಯಾಗಿ ಬಂದದ್ದು. ಅಕ್ಕನ ಮಗಳು ಪಿಯುಸಿ ಪರೀಕ್ಷೆಗೆ ಓದುತ್ತಿದ್ದಾಳೆ. ಒಂದು ಗೈಡ್‌ನಲ್ಲಿ ಹಾಗಿದೆ, ಇನ್ನೊಂದರಲ್ಲಿ ಹೀಗಿದೆ. "ಮಾವ, ಯಾವುದು ಬರೀಲಿ?" ಅಂತ ಬೆಳಿಗ್ಗೆಯಿಂದ ಬೆನ್ನು ಹತ್ತಿದ್ದಳು.

ಎರಡೂ ಸರಿ. ಪ್ರಶ್ನೆಯೇ ಅರ್ಧಂಬರ್ಧ.

ತೋಟದಲ್ಲಿ ಬಾವಲಿ ಚೀಪಿ ಬೀಳಿಸಿದ ಅಡಿಕೆ ಬೇಕಾದಷ್ಟು ಸಿಗುತ್ತದೆ. ಬಾವಲಿ ಮಾತ್ರ ಹತ್ತಿರದಿಂದ ಕಾಣಲು ಸಿಗುವುದಿಲ್ಲ. ಹಾಗಾಗಿ ಅವಳ ಕೈಯನ್ನೇ ಮುಟ್ಟಿ ನೋಡಿಕೊಳ್ಳಲು ಹೇಳಿದೆ. ಮೇಲ್ತೋಳಿನಲ್ಲಿ ಒಂದು ಎಲುಬು, ಮುಂದೋಳಿನಲ್ಲಿ ಎರಡು, ಆಮೇಲೆ ಮಣಿಕಟ್ಟು, ಬೆರಳು. ಬಾವಲಿಯಲ್ಲೂ ಇದೇ ಕ್ರಮ. ಹೆಬ್ಬೆರಳು ಮಾತ್ರ ಗಿಡ್ಡ, ಉಗುರು ಸಮೇತ ಹೊರಗೇ ಉಳಿದಿದೆ. ಮಿಕ್ಕ ನಾಲ್ಕು ಬೆರಳು ವಿಪರೀತ ಉದ್ದ, ನಡುವೆ ಚರ್ಮ. ಹಕ್ಕಿಯಲ್ಲಿ ಬೆರಳುಗಳು ಕೂಡಿಕೊಂಡು ಮೊಟಕಾಗಿವೆ, ಹಾರುವ ಕೆಲಸ ಗರಿಯದು.

30 ಕೋಟಿ ವರ್ಷಕ್ಕೂ ಹಿಂದೆ ಇವೆರಡಕ್ಕೂ ಒಬ್ಬನೇ ಪೂರ್ವಜ. ಅವನಿಗೆ ಮುಂಗಾಲು ಇತ್ತು, ರೆಕ್ಕೆ ಇರಲಿಲ್ಲ. ಅಂದಮೇಲೆ ಮುಂಗಾಲಾಗಿ ನೋಡಿದರೆ ಹೋಮೋಲಾಗಸ್. ರೆಕ್ಕೆಯಾಗಿ ನೋಡಿದರೆ ಅನಾಲಾಗಸ್, ಹಾರಾಟ ಬೇರೆ ಬೇರೆಯಾಗಿ ಬಂದದ್ದು. ಒಂದು ಅಂಕದ ಪ್ರಶ್ನೆಯಾದರೂ ಇಷ್ಟನ್ನೂ ಬರಿ ಅಂದೆ. ಚಿಟ್ಟೆಯ ರೆಕ್ಕೆಗೆ ಈ ತಲೆಬಿಸಿ ಇಲ್ಲ, ಅದರಲ್ಲಿ ಎಲುಬೇ ಇಲ್ಲ.

ಗೊಂದಲ ಹಳೆಯದು. ಇಂಗ್ಲೆಂಡಿನ ಅಂಗರಚನಾ ತಜ್ಞ ರಿಚರ್ಡ್ ಓವೆನ್ 1843ರಲ್ಲಿ ಹೋಮೋಲಾಗ್ (ಹೋಮೋಲಾಗಸ್ ಅಂಗ) ಅಂದರೆ ಏನು ಅಂತ ಬರೆದಾಗ ಪೂರ್ವಜರ ಮಾತೇ ಇರಲಿಲ್ಲ. ಬೇರೆ ಬೇರೆ ಪ್ರಾಣಿಗಳಲ್ಲಿ ರೂಪ, ಕೆಲಸ ಏನೇ ಇರಲಿ, ಅಂಗ ಅದೇ ಆಗಿದ್ದರೆ ಸಾಕಿತ್ತು. ಡಾರ್ವಿನ್ ಪುಸ್ತಕ ಬಂದದ್ದು 1859ರಲ್ಲಿ. ಆಮೇಲೆ ಅದೇ ಪದದೊಳಗೆ ವಂಶದ ಅರ್ಥ ಬಂದು ಕೂತಿತು. ಪ್ರಾಣಿಶಾಸ್ತ್ರಜ್ಞ ಲ್ಯಾಂಕೆಸ್ಟರ್ 1870ರಲ್ಲಿ ಹಳೇ ಪದವೇ ಬೇಡ ಅಂತ ಎರಡು ಹೊಸ ಪದ ಕೊಟ್ಟರು: ಒಂದೇ ಪೂರ್ವಜನಿಂದ ಬಂದ ಹೋಲಿಕೆಗೆ ಹೋಮೋಜೆನಿ, ಬೇರೆ ಬೇರೆಯಾಗಿ ಬಂದ ಹೋಲಿಕೆಗೆ ಹೋಮೋಪ್ಲಾಸಿ. ಹೋಮೋಪ್ಲಾಸಿ ಉಳಿಯಿತು, ಹೋಮೋಜೆನಿ ಉಳಿಯಲಿಲ್ಲ. ಉಳಿದಿದ್ದರೆ ಮಕ್ಕಳಿಗೆ ಎಷ್ಟು ಸಲೀಸಾಗುತ್ತಿತ್ತು!

ನನಗೆ ಜಾಸ್ತಿ ಬೇಸರ ತರುವುದು ಜೀನ್ ವಿಷಯದಲ್ಲಿ ಬಳಸುವ "ಶೇಕಡಾ 70 ಹೋಮೋಲಜಿ" ಅನ್ನುವ ಮಾತು. ಹೋಮೋಲಜಿ ಅಂದರೆ ಹೋಮೋಲಾಗಸ್ ಆಗಿರುವುದು. ಅಲ್ಲಿ ಎಣಿಸಿರುವುದು ಎರಡು ಜೀನ್‌ಗಳ ಹೋಲಿಕೆ ಮಾತ್ರ, ವಂಶವನ್ನಲ್ಲ. ಇದು ತಪ್ಪು ಬಳಕೆ ಅಂತ 1987ರಲ್ಲೇ 'ಸೆಲ್' ಪತ್ರಿಕೆಯಲ್ಲಿ ಕೆಲವು ವಿಜ್ಞಾನಿಗಳು ಒಟ್ಟಾಗಿ ಬರೆದಿದ್ದರು. ಇವಳ ನೋಟ್ಸಿನಲ್ಲೂ ಆ ಮಾತು ಸಿಕ್ಕಿತು. "ನಮ್ಮ ಊರಲ್ಲಿ ಶೇಕಡಾ 70 ದಾಯಾದಿ ಅಂತ ಯಾರಾದರೂ ಇದ್ದಾರಾ? ಮುಖದ ಹೋಲಿಕೆ ಜಾಸ್ತಿ ಕಡಿಮೆ ಇರಬಹುದು. ದಾಯಾದಿ ಅಂದರೆ ಹೌದು, ಇಲ್ಲಾಂದ್ರೆ ಅಲ್ಲ, ಅಲ್ವಾ?" ಅಂದೆ. ಪೆನ್ನು ತಗೊಂಡು ಹೋಮೋಲಜಿ ಹೊಡೆದುಹಾಕಿ ಹೋಲಿಕೆ ಅಂತ ಬರೆದಳು.