ಸಹಪಾಠಿ ಓದಿ ಹೇಳಿದ ಮೇಲೆ ಎರಡನೇ ಕರಡು: ಪ್ರಬಂಧ ಪ್ರಯೋಗ ಎಲ್ಲಿಗೆ ಬಂತು

ತರಗತಿ ಒಂಬತ್ತು, ಪ್ರಥಮ ಭಾಷೆ ಕನ್ನಡ, ಮಂಡ್ಯ ಕಡೆಯ ಪ್ರೌಢಶಾಲೆ. ಪ್ರಬಂಧ ಮೇಷ್ಟ್ರ ಕೆಂಪು ಪೆನ್ನಿಗೆ ಹೋಗುವ ಮೊದಲು ಸಹಪಾಠಿಗಳೇ ಓದಿ ಟಿಪ್ಪಣಿ ಕೊಡಬೇಕು, ಅದನ್ನು ಇಟ್ಟುಕೊಂಡು ಬರೆದವರೇ ಎರಡನೇ ಕರಡು ಸಿದ್ಧಪಡಿಸಬೇಕು. ವಿಷಯ: ಕನ್ನಂಬಾಡಿ ಕಟ್ಟೆ ಮತ್ತು ನಮ್ಮೂರು. ಉದ್ದ 250ರಿಂದ 300 ಪದ. ಇದಕ್ಕಿಂತ ಉದ್ದವಾದರೆ ಒಂದು ಪೀರಿಯಡ್‌ನಲ್ಲಿ ಓದಿ ಮುಗಿಯುವುದಿಲ್ಲ, ಚಿಕ್ಕದಾದರೆ ತಿದ್ದಲು ಏನೂ ಸಿಗುವುದಿಲ್ಲ.

ಮೊದಲ ಸುತ್ತು: ಬರೀ ನೋಟ್‌ಬುಕ್ ಅದಲು ಬದಲು

'ಪಕ್ಕದವರ ಪುಸ್ತಕ ತಗೊಂಡು ತಪ್ಪು ಹುಡುಕಿ' ಎಂದರೆ ಎರಡೇ ಬಗೆಯ ಟಿಪ್ಪಣಿ ಬರುತ್ತವೆ. ಒಂದು, 'ಚೆನ್ನಾಗಿದೆ, ಅಕ್ಷರ ದುಂಡಾಗಿದೆ'. ಇನ್ನೊಂದು, ಕಾಗುಣಿತಕ್ಕೆ ಸುತ್ತು ಹಾಕುವುದು. ಕಾರಣ ಸರಳ. ಸ್ನೇಹಿತನ ಮನಸ್ಸು ನೋಯಿಸುವುದು ಬೇಡ; ಜೊತೆಗೆ, ತಿದ್ದುವುದು ಎಂದರೆ ಮಕ್ಕಳು ಇಲ್ಲಿಯವರೆಗೆ ಕಂಡಿರುವುದು ಕಾಗುಣಿತ ತಿದ್ದುವುದನ್ನು ಮಾತ್ರ. ಅದರಲ್ಲೂ ತಿದ್ದುಪಡಿಯೇ ತಪ್ಪಾಗುತ್ತದೆ. ಸರಿಯಾಗಿದ್ದ 'ವಿದ್ಯಾರ್ಥಿ'ಯನ್ನು 'ವಿಧ್ಯಾರ್ಥಿ' ಮಾಡುತ್ತಾರೆ, 'ಅಭಿವೃದ್ಧಿ'ಯ ಒತ್ತಕ್ಷರದ ಹೊಟ್ಟೆ ಸೀಳಿದ್ದನ್ನು ಅಳಿಸುತ್ತಾರೆ. ನಮ್ಮ ಕಡೆ ಆಡುಮಾತಿನಲ್ಲಿ ಹಕಾರ ಬಿಡುವುದು ರೂಢಿ. 'ಅಳ್ಳಿ' ಎಂದು ಬರೆದವನಿಗೆ ಬೈಗುಳ ಬಿದ್ದರೆ ಮುಂದಿನ ಪುಟದಲ್ಲಿ ಅಕ್ಕಿಯೂ ಹಕ್ಕಿಯಾಗಿ ಹಾರುತ್ತದೆ.

ಹೀಗೆ ಬಂದ ಎರಡನೇ ಕರಡು ಬರೀ ಫೇರ್ ಕಾಪಿ. ಹುರುಳು ಅದೇ, ಶಾಯಿ ಹೊಸದು. ಹಾಗಾಗಿ ಮೊದಲ ಓದಿನಲ್ಲಿ ಕಾಗುಣಿತ ಮುಟ್ಟುವಂತಿಲ್ಲ ಎಂಬ ನಿಯಮ ಬಂತು. ಇದೊಂದರಿಂದಲೇ ಅರ್ಧ ಕೆಲಸ ಸುಲಭವಾಯಿತು.

ಎರಡನೇ ಸುತ್ತು: ಚೀಟಿ

ಕರಡಿನ ತಯಾರಿ ಹೀಗೆ. ಹಾಳೆಯ ಒಂದೇ ಮಗ್ಗುಲಲ್ಲಿ, ಒಂದು ಗೆರೆ ಬಿಟ್ಟು ಒಂದು ಗೆರೆಯಲ್ಲಿ ಬರವಣಿಗೆ. ಎಡಗಡೆ ಒಂದೂವರೆ ಇಂಚು ಮಾರ್ಜಿನ್. ಐದು ಸಾಲಿಗೊಮ್ಮೆ ಮಾರ್ಜಿನ್‌ನಲ್ಲಿ 5, 10, 15 ಎಂದು ಸಾಲಿನ ಸಂಖ್ಯೆ. ಈ ಸಂಖ್ಯೆ ಇಲ್ಲದಿದ್ದರೆ 'ಮಧ್ಯದಲ್ಲಿ ಗೊಂದಲ ಇದೆ' ಎಂಬಂಥ ಟಿಪ್ಪಣಿ ಬರುತ್ತದೆ; ಯಾವ ಮಧ್ಯ ಎಂದು ಬರೆದವರಿಗೆ ತಿಳಿಯುವುದಿಲ್ಲ. ಹೆಸರಿನ ಬದಲು ಕೋಡ್ ಹಾಕಿಸಬಹುದು, ಆದರೆ ಒಂದೇ ತರಗತಿಯಲ್ಲಿ ಅದು ನಾಟಕ. ಕೈಬರಹ ನೋಡಿದ ಕೂಡಲೇ ಯಾರದೆಂದು ಗೊತ್ತಾಗುತ್ತದೆ. ಎ ಮತ್ತು ಬಿ ಸೆಕ್ಷನ್ ಇದ್ದರೆ ಹಾಳೆಗಳನ್ನು ಅದಲು ಬದಲು ಮಾಡುವುದೇ ಸರಿ.

ಗುಂಪಿಗೆ ಮೂವರು. ಪ್ರತಿ ಪ್ರಬಂಧಕ್ಕೆ ಇಬ್ಬರು ಓದುಗರು ಸಿಗುತ್ತಾರೆ. ಒಬ್ಬನೇ 'ಅರ್ಥವಾಗಲಿಲ್ಲ' ಎಂದರೆ 'ನಿನಗೆ ಓದೋಕೆ ಬರಲ್ಲ' ಎಂಬ ಜಗಳ. ಇಬ್ಬರೂ ಅದೇ ಸಾಲಿನಲ್ಲಿ ಎಡವಿದರೆ ಜಗಳಕ್ಕೆ ಜಾಗವಿಲ್ಲ.

ಚೀಟಿ ಎ4 ಹಾಳೆಯ ಅರ್ಧ. ತಲೆಯ ಮೇಲೆ ಒಂದು ಖಾಲಿ ಸಾಲು: 'ಈ ಪ್ರಬಂಧ ಹೇಳುವುದು ಇಷ್ಟು'. ಕೆಳಗೆ ಮೂರು ಕಾಲಂ: ಎಲ್ಲಿ, ಓದುವಾಗ ಏನಾಯಿತು, ಏನು ಮಾಡಬಹುದು. ಮೂರೇ ಟಿಪ್ಪಣಿ, ಹೆಚ್ಚು ಬೇಡ. ಹತ್ತು ಟಿಪ್ಪಣಿ ಸಿಕ್ಕ ಹುಡುಗ ಸುಲಭವಾದ ಎರಡನ್ನು ತಿದ್ದಿ ಉಳಿದದ್ದನ್ನು ಬಿಡುತ್ತಾನೆ.

ಎರಡನೇ ಕಾಲಮ್ಮಿನ ಮಾತು ಬೇಕೆಂದೇ ಹಾಗಿದೆ. 'ತಪ್ಪೇನು' ಎಂದು ಕೇಳಿದರೆ ಓದುಗ ಪುಟ್ಟ ಮೇಷ್ಟ್ರಾಗಿಬಿಡುತ್ತಾನೆ. 'ಏನಾಯಿತು' ಎಂದರೆ ತನ್ನ ಅನುಭವ ಬರೆಯುತ್ತಾನೆ: ಇಲ್ಲಿ ನಿಂತೆ, ಇಲ್ಲಿ ಮತ್ತೆ ಓದಬೇಕಾಯಿತು, ಇದನ್ನು ನಂಬಲಿಲ್ಲ. ಅದನ್ನು ಯಾರೂ ತಳ್ಳಿಹಾಕಲಾಗದು.

ಚೀಟಿ ಕೊಡುವ ಮೊದಲು ಬೋರ್ಡಿನ ಮೇಲೆ ಒಂದು ಮಾದರಿ ಮಾಡಿ ತೋರಿಸದೆ ನಡೆಯದು. ಪ್ಯಾರಾ ತರಗತಿಯ ಯಾರದ್ದೂ ಆಗಿರಬಾರದು, ಮೇಷ್ಟ್ರೇ ಕಟ್ಟಿದ್ದಿರಲಿ. ಉದಾಹರಣೆಗೆ ಸಾಲು 11: 'ನಾಲೆಯ ನೀರಿನಿಂದ ರೈತರ ಬದುಕು ಹಸನಾಯಿತು.'

ಕೆಲಸಕ್ಕೆ ಬಾರದ ಟಿಪ್ಪಣಿ: 'ಇನ್ನೂ ವಿವರವಾಗಿ ಬರೆಯಬೇಕಿತ್ತು.'

ಕೆಲಸಕ್ಕೆ ಬರುವುದು: 'ಸಾಲು 11. ಹೇಗೆ ಹಸನಾಯಿತು ಅಂತ ಗೊತ್ತಾಗಲಿಲ್ಲ. ನೀರು ಬರೋಕೆ ಮುಂಚೆ ಏನು ಬೆಳೀತಿದ್ರು, ಈಗ ಏನು ಅಂತ ಬರಿ.'

ತಿದ್ದಿದ ಮೇಲೆ: 'ನಾಲೆ ಬರುವ ಮೊದಲು ನಮ್ಮ ಹೊಲದಲ್ಲಿ ರಾಗಿ, ಹುರುಳಿ. ಈಗ ಭತ್ತ, ಕಬ್ಬು. ಆದರೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ನೀರು ಬಿಟ್ಟ ವರ್ಷ ನಾಲೆಯ ಕೊನೆ ಭಾಗದವರಾದ ನಮಗೆ ಭತ್ತ ಹಾಕುವ ಧೈರ್ಯ ಇರುವುದಿಲ್ಲ.' ಮದ್ದೂರು, ಮಳವಳ್ಳಿ ಕಡೆಯ ಮಗುವಿಗೆ ಇದು ಮನೆಯಲ್ಲಿ ದಿನವೂ ಕೇಳುವ ಮಾತು. ಪ್ರಬಂಧದಲ್ಲಿ ಬರೆಯಬಹುದೆಂದು ಹೇಳುವವರು ಬೇಕಿತ್ತು, ಅಷ್ಟೇ.

40 ನಿಮಿಷದ ಪೀರಿಯಡ್ ಹಂಚಿಕೆ: ಹಾಳೆ ಹಂಚಲು 5, ಪೆನ್ಸಿಲ್ ಕೆಳಗಿಟ್ಟು ಮೌನವಾಗಿ ಓದಲು 8, ತಲೆಸಾಲು ಬರೆಯಲು 4, ಎರಡನೇ ಓದು ಮತ್ತು ಟಿಪ್ಪಣಿಗೆ 18, ವಾಪಸ್ ಸಂಗ್ರಹಿಸಲು 5. ಒಂದು ಪೀರಿಯಡ್‌ಗೆ ಒಂದೇ ಪ್ರಬಂಧ. ಎರಡನ್ನು ತುರುಕಿದರೆ ಎರಡನೆಯದಕ್ಕೆ ಮತ್ತೆ 'ಚೆನ್ನಾಗಿದೆ' ಬೀಳುತ್ತದೆ.

ಚೀಟಿಯಲ್ಲಿ ಅತಿ ಹೆಚ್ಚು ಕೆಲಸ ಮಾಡಿದ್ದು ಆ ತಲೆಸಾಲು. ಗೈಡಿನಿಂದ ಎತ್ತಿದ ಪೀಠಿಕೆ, 'ನೀರು ಜೀವಜಲ' ಎಂಬ ಉಪಸಂಹಾರ ಇರುವ ಪ್ರಬಂಧಕ್ಕೆಲ್ಲ ಓದುಗರು ಬರೆಯುವುದು 'ನೀರು ಮುಖ್ಯ' ಎಂದೇ. ತನ್ನದಕ್ಕೂ ಪಕ್ಕದವಳದಕ್ಕೂ ಒಂದೇ ಸಾರ ಬಂದಿದ್ದನ್ನು ನೋಡಿದಾಗ ಪೀಠಿಕೆ ಹೊಡೆದು ಹಾಕಲು ಯಾರೂ ಹೇಳಬೇಕಾಗುವುದಿಲ್ಲ.

ಮಾಹಿತಿ ತಪ್ಪುಗಳನ್ನು ಹಿಡಿಯುವುದರಲ್ಲಿ ಮಕ್ಕಳು ಗಟ್ಟಿ, ಆಧಾರ ಕೈಯಲ್ಲಿದ್ದರೆ ಮಾತ್ರ. ಈ ವಿಷಯದಲ್ಲಿ ಸಾಮಾನ್ಯವಾಗಿ ಬರುವ ಗೊಂದಲ ಎರಡು. 'ಕಟ್ಟೆಯಲ್ಲಿ 124 ಟಿಎಂಸಿ ನೀರು' ಎಂಬುದು ಒಂದು (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). 124.80 ಎಂಬುದು ಅಡಿ, ಗರಿಷ್ಠ ಮಟ್ಟ; ತುಂಬಿದಾಗಿನ ಸಂಗ್ರಹ 49.45 ಟಿಎಂಸಿ. ಪತ್ರಿಕೆಯಲ್ಲಿ ಬರುವ ಜಲಾಶಯ ಮಟ್ಟದ ಪಟ್ಟಿಯನ್ನು ಕತ್ತರಿಸಿ ಮೇಜಿನ ಮೇಲಿಟ್ಟರೆ ಸಾಕು. ಇನ್ನೊಂದು, 'ವಿಶ್ವೇಶ್ವರಯ್ಯನವರು ದಿವಾನರಾಗಿ 1924ರಲ್ಲಿ ಕಟ್ಟಿ ಮುಗಿಸಿದರು'. ಕೆಲಸ ಶುರುವಾದದ್ದು 1911ರಲ್ಲಿ, ಅವರು ಮುಖ್ಯ ಎಂಜಿನಿಯರ್ ಆಗಿದ್ದಾಗ. ದಿವಾನಗಿರಿ ಬಿಟ್ಟದ್ದು 1918ರಲ್ಲಿ. 1924 ಮದ್ರಾಸ್ ಜೊತೆಗಿನ ಕಾವೇರಿ ಒಪ್ಪಂದದ ವರ್ಷ.

ಮೂರನೇ ಸುತ್ತು: ಬರೆದವರ ಉತ್ತರ

ಚೀಟಿ ಒಳ್ಳೆಯದಿದ್ದರೂ ಕರಡು ಬದಲಾಗದಿರುವುದು ಈ ಪ್ರಯೋಗದ ದೊಡ್ಡ ಗಂಟು. ಟಿಪ್ಪಣಿ ಓದಿ, ತಲೆಯಾಡಿಸಿ, ಅದೇ ಸಾಲುಗಳನ್ನು ಮತ್ತೆ ಬರೆಯುತ್ತಾರೆ. ಅದಕ್ಕೆ ಚೀಟಿಗೆ ನಾಲ್ಕನೇ ಕಾಲಂ ಸೇರಿತು. ಬರೆದವರು ಪ್ರತಿ ಟಿಪ್ಪಣಿಯ ಎದುರು 'ಒಪ್ಪಿದೆ', 'ಸ್ವಲ್ಪ ಒಪ್ಪಿದೆ', 'ಒಪ್ಪಲಿಲ್ಲ' ಎಂದು ಬರೆದು ಒಂದು ಸಾಲು ಕಾರಣ ಕೊಡಬೇಕು. ಒಪ್ಪಲಿಲ್ಲ ಎನ್ನುವ ಹಕ್ಕು ನಿಜವಾಗಿಯೂ ಇರಬೇಕು. ಇಲ್ಲದಿದ್ದರೆ ಜೋರು ಹುಡುಗರು ಹೇಳಿದಂತೆ ಸಾಧು ಮಕ್ಕಳ ಪ್ರಬಂಧ ಕುಣಿಯುತ್ತದೆ.

ಇಬ್ಬರು ಓದುಗರು ಎದುರುಬದುರಾದಾಗ ಈ ಕಾಲಂ ಉಪಯೋಗಕ್ಕೆ ಬರುತ್ತದೆ. ತಾತ ರಾತ್ರಿ ತೂಬಿನ ಹತ್ತಿರ ಕಾವಲು ಕೂರುತ್ತಿದ್ದ ಭಾಗ 'ವಿಷಯಕ್ಕೆ ಸಂಬಂಧವಿಲ್ಲ, ತೆಗಿ' ಎಂದು ಒಬ್ಬ. 'ಇದೊಂದೇ ಚೆನ್ನಾಗಿತ್ತು' ಎಂದು ಇನ್ನೊಬ್ಬ. ಇಂಥ ಕಡೆ ಸಾಮಾನ್ಯವಾಗಿ ಭಾಗ ಕೆಟ್ಟದ್ದಲ್ಲ, ಜಾಗ ಕೆಟ್ಟದ್ದು. ನೀರಿನ ಸರದಿ ವಿವರಿಸುವ ಪ್ಯಾರಾದ ಪಕ್ಕಕ್ಕೆ ಸರಿಸಿದರೆ ಇಬ್ಬರ ತಕರಾರೂ ಇಳಿಯುತ್ತದೆ. ಒಂದೇ ಮಗ್ಗುಲಲ್ಲಿ ಬರೆಸಿದ್ದು ಇದಕ್ಕೇ: ಕತ್ತರಿಯಿಂದ ಪ್ಯಾರಾಗಳನ್ನು ಕತ್ತರಿಸಿ, ಬೆಂಚಿನ ಮೇಲೆ ಜೋಡಿಸಿ ನೋಡಿ, ಸರಿ ಎನಿಸಿದ ಮೇಲೆ ಅಂಟಿಸುವುದು. ಅನ್ನದ ಅಗುಳೂ ನಡೆಯುತ್ತದೆ.

ಎರಡನೇ ಕರಡನ್ನು ಮೊದಲ ಸಾಲಿನಿಂದ ಶುರು ಮಾಡಿಸಬಾರದು. ಹಾಗೆ ಕೂತರೆ ಕೈ ತಾನಾಗಿ ನಕಲು ಮಾಡುತ್ತದೆ. ಒಪ್ಪಿದ ಟಿಪ್ಪಣಿಯ ಜಾಗಗಳನ್ನು ಮಾತ್ರ ಬೇರೆ ಚೂರು ಕಾಗದದಲ್ಲಿ ಬರೆಸಿ, ಆಮೇಲೆ ಉಳಿದದ್ದಕ್ಕೆ ಬೆಸೆಯುವುದು. ಚೀಟಿ ಕೈಗೆ ಬಂದ ದಿನವೇ ಬರೆಸುವುದೂ ಬೇಡ. ಒಂದು ರಾತ್ರಿ ಕಳೆದರೆ ಸಿಟ್ಟು ಇಳಿದಿರುತ್ತದೆ.

ಕಾಗುಣಿತಕ್ಕೆ ಕೊನೆಯಲ್ಲಿ 15 ನಿಮಿಷ. ಓದುಗ ಅನುಮಾನ ಬಂದ ಪದಕ್ಕೆ ಪೆನ್ಸಿಲ್‌ನಲ್ಲಿ ಅಡಿಗೆರೆ ಮಾತ್ರ ಎಳೆಯಬೇಕು, ತಿದ್ದಬಾರದು. ನಿಘಂಟು ನೋಡಿ ತಿದ್ದುವುದು ಬರೆದವರ ಕೆಲಸ.

ಅಂಕವನ್ನು ಸಹಪಾಠಿಗಳಿಂದ ಹಾಕಿಸುವುದು ಬೇಡವೇ ಬೇಡ. ಅಂಕ ಕಂಡ ಕೂಡಲೇ ಟಿಪ್ಪಣಿಯನ್ನು ಯಾರೂ ಓದುವುದಿಲ್ಲ.

ಈಗ ಬಾಕಿ ಇರುವುದು

ಎರಡು ಕರಡುಗಳನ್ನು ಪಕ್ಕಪಕ್ಕ ಇಟ್ಟು, ಚೀಟಿಯಿಂದ ಬಂದ ಬದಲಾವಣೆಗೆ ನೀಲಿ, ತಾನಾಗಿ ಮಾಡಿದ್ದಕ್ಕೆ ಹಸಿರು ಬಳಿಸುವುದು ಶುರುವಾಗಿದೆ. ಪುಟದಲ್ಲಿ ಬಿಡಿ ಪದಗಳಿಗಷ್ಟೇ ಬಣ್ಣ ಇದ್ದರೆ ದೋಷ ಬಹುಪಾಲು ಚೀಟಿಯದ್ದು, ಟಿಪ್ಪಣಿಯಲ್ಲಿ ಸಾಲಿನ ಸಂಖ್ಯೆಯೋ ಸಲಹೆಯೋ ಇರುವುದಿಲ್ಲ. ನಿಧಾನವಾಗಿ ಓದುವ ಮಕ್ಕಳಿಗೆ 8 ನಿಮಿಷ ಸಾಲದು. ಅವರ ಗುಂಪಿನಲ್ಲಿ ಬರೆದವರೇ ಜೋರಾಗಿ ಓದಿ, ಕೇಳುವವರು ಎಡವಿದ ಕಡೆ ಬೆಂಚು ತಟ್ಟಿ, ಬರೆದವರು ಅಲ್ಲಲ್ಲೇ ಗುರುತು ಹಾಕಿಕೊಳ್ಳುವ ವಿಧಾನವನ್ನು ದಸರಾ ರಜೆ ಮುಗಿದ ಮೇಲಿನ ಪ್ರಬಂಧಕ್ಕೆ ಸೇರಿಸುವುದು.