ಸೀಟಿ ಊದಿದ ಮೇಲೆ ಬಂದ ಮಾತು

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವಾಗ ನಾನು ಎಷ್ಟೋ ಸಲ ತರೀಕೆರೆಗೆ ಟಿಕೆಟ್ ತಗೊಂಡಿದ್ದೇನೆ. ದುಡ್ಡು ಜಾಸ್ತಿ ಆಗುತ್ತಿತ್ತು. ಆದರೆ ‘ಭ’ ನನ್ನ ಬಾಯಿಂದ ಹೊರಡುತ್ತಲೇ ಇರಲಿಲ್ಲ. ಕಂಡಕ್ಟರ್ ಕಾಯುತ್ತಾ ನಿಂತರಂತೂ ಗಂಟಲು ಇನ್ನೂ ಬಿಗಿಯುತ್ತಿತ್ತು. ನನಗೆ ಚಿಕ್ಕಂದಿನಿಂದ ಉಗ್ಗು. ಈಗ 12 ವರ್ಷದ ಅಕ್ಕನ ಮಗನಿಗೂ ಇದೆ.

ದಸರಾ ರಜೆಗೆ ಅವನು ಮನೆಗೆ ಬಂದಾಗ ಹೆರಾಲ್ಡ್ ಲಾಯ್ಡ್‌ನ ‘ಗರ್ಲ್ ಶೈ’ ಹಾಕಿದೆ. 1924ರ ಅಮೆರಿಕದ ಮೂಕಿ ಚಿತ್ರ. ಲಾಯ್ಡ್‌ನೇ ಮಾಡಿದ ಹೀರೋ ಹೆರಾಲ್ಡ್, ದರ್ಜಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗ. ಹೆಣ್ಣುಮಕ್ಕಳ ಎದುರು ಉಗ್ಗುತ್ತಾನೆ, ಯಾರಾದರೂ ಸೀಟಿ ಊದಿದರೆ ಮಾತು ಹೊರಡುತ್ತದೆ. ಇವನ ಮುಂದೆ ಇದನ್ನು ಹಾಕಬೇಕಾ ಅಂತ ಎರಡು ದಿನ ಯೋಚಿಸಿದ್ದೆ. ನಗಿಸುವ ಸಿನಿಮಾಗಳು ಉಗ್ಗುವವರನ್ನು ಹೇಗೆ ತೋರಿಸುತ್ತವೆ ಅಂತ ನನಗೆ ಚೆನ್ನಾಗಿ ಗೊತ್ತು.

ಇದರಲ್ಲೂ ನಗು ಇದೆ. ಆದರೆ ಇಲ್ಲಿ ಯಾರ ಮಾತೂ ಕೇಳಿಸುವುದಿಲ್ಲ. ಸರಾಗವಾಗಿ ಮಾತಾಡುವವರದ್ದೂ ಬರೀ ತುಟಿ ಅಲ್ಲಾಡುತ್ತದೆ, ಅವನದ್ದೂ ಅಷ್ಟೇ. ರೈಲಿನಲ್ಲಿ ಅವನು ಮೇರಿ ಅನ್ನುವ ಹುಡುಗಿಯ ನಾಯಿಮರಿಯನ್ನು ಬಚ್ಚಿಡಲು ನೆರವಾಗುತ್ತಾನೆ. ಆ ಪಾತ್ರ ಮಾಡಿದ ಜೋಬಿನಾ ರಾಲ್‌ಸ್ಟನ್ ಅವನ ಮಾತಿಗೆ ಕಿವಿಗೊಡುವ ರೀತಿ ನೋಡಿ. ಅವಸರವೇ ಇಲ್ಲ. ನನಗೆ ಇಡೀ ಚಿತ್ರದಲ್ಲಿ ತುಂಬಾ ಇಷ್ಟವಾದದ್ದು ಅದೇ.

ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ತೆರೆಯ ಮೇಲೆ ಬರಹ ಬಂದಾಗಲೆಲ್ಲ “ಏನಂತೆ ಕಣೋ?” ಅನ್ನುತ್ತಿದ್ದಳು. ಮೊದಲು ನಾನು ಕನ್ನಡದಲ್ಲಿ ಹೇಳಿದೆ, ತಡವರಿಸಿದೆ. ಆಮೇಲೆ ಒಂದು ಹಾಳೆ ತಗೊಂಡೆ. ಪಾಸ್ ಒತ್ತಿ, ಕನ್ನಡದಲ್ಲಿ ಬರೆದು, ಹುಡುಗನೂ ನಾನೂ ಒಟ್ಟಿಗೆ ಓದತೊಡಗಿದೆವು. ಜೊತೆಯಾಗಿ ಓದುವಾಗ ಉಗ್ಗು ಬಹಳಷ್ಟು ಜನರಲ್ಲಿ ಕಮ್ಮಿಯಾಗುತ್ತದೆ. ನನಗಿದು ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಒಂದು ಸಾಲು ಮುಗಿಸಿ ನನ್ನನ್ನೇ ನೋಡಿದ.

ಕೊನೆಯಲ್ಲಿ ಮೇರಿಯ ಮದುವೆ ಬೇರೊಬ್ಬನ ಜೊತೆ. ಆ ಗಂಡಿಗೆ ಆಗಲೇ ಮದುವೆಯಾಗಿದೆ. ಅದನ್ನು ತಡೆಯಲು ಹೆರಾಲ್ಡ್ ಕಾರು, ಟ್ರಾಮ್, ಬೈಕು, ಕುದುರೆ ಅಂತ ಸಿಕ್ಕಿದ್ದನ್ನೆಲ್ಲ ಹಿಡಿದು ಓಡುತ್ತಾನೆ. 1919ರಲ್ಲಿ ಫೋಟೋ ತೆಗೆಸಿಕೊಳ್ಳುವಾಗ, ನಕಲಿ ಅಂದುಕೊಂಡು ಹಿಡಿದಿದ್ದ ಬಾಂಬ್ ಸಿಡಿದು ಲಾಯ್ಡ್‌ನ ಬಲಗೈಯ ಹೆಬ್ಬೆರಳು, ತೋರುಬೆರಳು ಹೋಗಿದ್ದವು. ಆ ಕೈಯಲ್ಲೇ ಇಷ್ಟೆಲ್ಲ! ಅಷ್ಟು ಓಡಿ ಬಂದವನಿಗೆ ಮದುವೆ ಮನೆಯಲ್ಲಿ ಮಾತೇ ಬರುವುದಿಲ್ಲ. ಹುಡುಗಿಯನ್ನು ಎತ್ತಿಕೊಂಡೇ ಹೋಗುತ್ತಾನೆ. ಹೊರಗೆ ಬಂದ ಮೇಲೂ ‘ಮದುವೆ ಆಗ್ತೀಯಾ’ ಅನ್ನಲು ಪೋಸ್ಟ್‌ಮ್ಯಾನ್ ಸೀಟಿ ಊದಬೇಕಾಯಿತು.

“ಪಾಪ, ಆ ಪೋಸ್ಟ್‌ಮ್ಯಾನ್ ಇನ್ನೂ ಸ್ವಲ್ಪ ಮೊದಲೇ ಬರಬಾರದಿತ್ತಾ” ಅಂದಳು ಅಮ್ಮ.

“ಮಾಮಾ, ರೈಲಿನ ಸೀನ್ ಇನ್ನೊಂದ್ಸಲ ಹಾಕು, ಅಜ್ಜಿಗೆ ನಾನೇ ಓದ್ತೀನಿ” ಅಂದ ಹುಡುಗ. ಹಾಕಿದೆ. ಓದುವಾಗ ಎರಡು ಕಡೆ ಮಾತು ತಡೆದು ನಿಂತ. ಸಿನಿಮಾ ಪಾಸ್‌ನಲ್ಲೇ ಇತ್ತು. ಅಮ್ಮ ಕೈಯಲ್ಲಿದ್ದ ಹೂವಿನ ದಾರ ಕೆಳಗಿಟ್ಟು ಅವನ ಮುಖವನ್ನೇ ನೋಡುತ್ತಾ ಕೂತಿದ್ದಳು.