ಅಪ್ಪನ ಕಂಪ್ಯೂಟರು, ಅರ್ಥದ ಫೈಲು

ಉಡುಪಿ ಕುಂಜಿಬೆಟ್ಟಿನ ನಮ್ಮನೆಯಲ್ಲಿ ಅಪ್ಪಂದು ಒಂದು ಹಳೇ ಡೆಸ್ಕ್‌ಟಾಪ್ ಉಂಟು, ಕೋರ್ ಟು ಡ್ಯುಯೋ, 4 ಜಿಬಿ ರ‍್ಯಾಮ್, ವಿಂಡೋಸ್ 7. ಮಳೆ ಹಿಡಿದ ಮೇಲೆ ಅದು ಒಂದಾ ನೀಲಿ ಸ್ಕ್ರೀನ್, ಇಲ್ಲಾಂದ್ರೆ ಅರ್ಧದಲ್ಲೇ ಆಫ್. ಅಂಗಡಿಯವ್ರು ನೋಡಿ "ಫಾರ್ಮ್ಯಾಟ್ ಹೊಡಿಬೇಕು, ಡೇಟಾ ಹೋಗ್ತದೆ" ಅಂದ್ರಂತೆ. "ಬೇರೆ ಎಂತ ಹೋದ್ರೂ ಅಡ್ಡಿಲ್ಲ ಮಗಾ, ನನ್ನ ಅರ್ಥದ ಫೈಲು ಹೋಗ್ಬಾರ್ದು" ಅಂತ ಅಪ್ಪ. ಅರ್ಥ ಅಂದ್ರೆ ತಾಳಮದ್ದಳೆಯಲ್ಲಿ, ವೇಷ ಇಲ್ಲದೆ ಕೂತು ಮಾಡುವ ಯಕ್ಷಗಾನದಲ್ಲಿ, ಪಾತ್ರ ಆಡುವ ಮಾತು. ಕರ್ಣ, ವಾಲಿ, ಭೀಷ್ಮ ಹೀಗೆ ಪಾತ್ರಕ್ಕೊಂದು ಫೈಲ್ ಮಾಡಿ ಹದಿನೈದು ವರ್ಷದಿಂದ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಕುಟ್ಟಿಟ್ಟದ್ದು, ಬೇರೆಲ್ಲೂ ಕಾಪಿ ಇಲ್ಲ.

ಭಾನುವಾರ ಕ್ಯಾಬಿನೆಟ್ ಬಿಚ್ಚಿದ್ರೆ ಒಳಗೆ ಧೂಳು, ಎರಡು ಹಲ್ಲಿ ಮೊಟ್ಟೆ, ರ‍್ಯಾಮಿನ ಚಿನ್ನದ ಬಣ್ಣದ ಪಟ್ಟಿ ಕಪ್ಪಾಗಿತ್ತು, ನಮ್ಮ ಕಡಲ ಗಾಳಿಗೆ ಯಾವುದೂ ಉಳಿಯೂದಿಲ್ಲ. ಪೆನ್ಸಿಲ್ ರಬ್ಬರಲ್ಲಿ ಮೆಲ್ಲ ತಿಕ್ಕಿ ಹಾಕಿದೆ, ಆಫ್ ಆಗೂದು ನಿಂತಿತು. ತಾರೀಕು 2009ಕ್ಕೆ ಹೋಗಿ ಕೂತಿತ್ತು, ಮದರ್‌ಬೋರ್ಡಿನ ಗಡಿಯಾರ ನಡೆಸುವ 2032 ಸೆಲ್ಲೂ ಬದಲಿಸಿದೆ. ಆದ್ರೂ ವಿಂಡೋಸ್ ಮೇಲೆ ಬರ್ಲಿಲ್ಲ.

ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಅಪ್‌ಡೇಟ್ ನಿಂತಿದೆ, 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಈ ಮೆಷಿನಲ್ಲಿ ಅದಿಲ್ಲ. ಹಾಗಾಗಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಮ್, ಅದ್ರಲ್ಲೂ ಹಳೇ ಮೆಷಿನಿಗೆ ಹಗುರಾದ ಎಕ್ಸ್‌ಎಫ್‌ಸಿಇದ್ದು. ಅದನ್ನು ಪೆನ್‌ಡ್ರೈವಿಂದ್ಲೇ ಬೂಟ್ ಮಾಡಿದ್ರೆ ಹಾರ್ಡ್‌ಡಿಸ್ಕ್ ಮುಟ್ಟದೆ ಓಡ್ತದೆ, ಒಳಗಿನ ಫೈಲೆಲ್ಲ ಕಾಣ್ತದೆ, ನನಗೆ ಬೇಕಾದದ್ದೂ ಅದೇ.

ಎರಡು ಪೆನ್‌ಡ್ರೈವಿಗೆ ಕಾಪಿ ಹೊಡ್ದು, ನೋಡುವಾ ಅಂತ ಕರ್ಣನ ಫೈಲ್ ತೆಗೆದೆ. ಒಂದೇ ಒಂದು ಕನ್ನಡ ಅಕ್ಷರ ಇಲ್ಲ! ಕ ಇರ್ಬೇಕಾದಲ್ಲಿ ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆ ಮೇಲೆ ಗೀಟು ಎಳೆದ ಎ, ಪುಟ ಇಡೀ ಹಾಗೇ. ಹಿಂದೆ ನಿಂತಿದ್ದ ಅಪ್ಪ "ಹೋಯ್ತಾ?" ಅಂತ ಕೇಳಿದ್ರು, ಆ ಸ್ವರ ನಂಗೆ ಈಗ್ಲೂ ಕಿವಿಯಲ್ಲುಂಟು. ಹೋಗಿದ್ದಲ್ಲ, ಹಳೇ ನುಡಿ ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಪದ್ಧತಿ) ಅಲ್ಲ, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟ್, ಅದಿಲ್ಲದಿದ್ರೆ ಹೀಗೇ ಕಾಣೂದು. ವಿಂಡೋಸಿನ ಫಾಂಟ್ಸ್ ಫೋಲ್ಡರಿಂದ ನುಡಿ ಫಾಂಟುಗಳನ್ನೆಲ್ಲ ತಂದು ಹಾಕಿ ಮತ್ತೆ ತೆಗೆದ್ರೆ ಕರ್ಣ ಕುಂತಿ ಹತ್ರ ಮಾತಾಡ್ತಾ ಇದ್ದ. ಅಪ್ಪ ಕುರ್ಚಿ ಎಳ್ಕೊಂಡು ಕೂತು ಎರಡು ಪುಟ ಗಟ್ಟಿಯಾಗಿ ಓದಿದ್ರು, ನಾನು ಸುಮ್ಮನೆ ಕೇಳ್ತಾ ಕೂತೆ.

ಮತ್ತೆ ಫಾರ್ಮ್ಯಾಟ್, ಇನ್‌ಸ್ಟಾಲ್ ಎಲ್ಲ ಊಟದೊಳಗೆ ಮುಗೀತು. ಕೀಬೋರ್ಡ್ ಲಿಸ್ಟಲ್ಲಿ ಕಗಪ ವಿನ್ಯಾಸವೂ ಇತ್ತು, ಅಪ್ಪನ ಬೆರಳಿಗೆ ರೂಢಿಯಾದ್ದೇ, ಬರೂದು ಮಾತ್ರ ಯೂನಿಕೋಡಲ್ಲಿ. ಹಳೇ ಫೈಲುಗಳನ್ನು ಒಂದೊಂದೇ ಯೂನಿಕೋಡಿಗೆ ತರ್ತಾ ಇದ್ದೇವೆ, ಅರ್ಕಾವತ್ತು ಅಲ್ಲಲ್ಲಿ ತಪ್ಪಿ ಬೀಳ್ತದೆ, ಅಪ್ಪ ಓದ್ತಾರೆ, ನಾನು ತಿದ್ದುತ್ತೇನೆ. ಕರ್ಣಂದು ಮುಗೀತು, ಈಗ ವಾಲಿ.